ಮೋರಿ ಹತ್ತುವ ಮುಸುರೆ ನೀರು

ನೀರು ತಗ್ಗಿಗೆ ಹರಿಯುತ್ತದೆಂದು ಶಾಲೆಯಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ಚಿಂತಾಮಣಿಯ ಹಳೆಯ ಮನೆಗಳಲ್ಲಿ ಅದು ಆ ಪಾಠವನ್ನು ಪಾಲಿಸುವುದಿಲ್ಲ. ಆದ್ದರಿಂದ ಇಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಡಾಂಬರಿನ ಮೇಲೆ ಡಾಂಬರು ಬಿದ್ದು ನಮ್ಮ ಬೀದಿ ಏರಿತು, ಬೀದಿಯೊಡನೆ ಮೋರಿಯೂ ಏರಿತು. ನನ್ನ ಮನೆ ಮಾತ್ರ ಕೂತಲ್ಲೇ ಕೂತಿದೆ. ಕೆಳಗಿನ ಭಾಗದಲ್ಲಿ ತನ್ನ ಅತ್ತೆಯೊಡನೆ ಬಾಡಿಗೆಗಿರುವವಳು ಮನೆಗಳಿಗೆ ಅಡುಗೆ ಮಾಡಿ ಕಳಿಸುವ ಕಸುಬಿನವಳು. ಪಾತ್ರೆ ತೊಳೆದ ನೀರು ಸಿಂಕಿಗೇ ಹಿಂದಿರುಗತೊಡಗಿದಾಗ, ಹೀಗೇ ಆದರೆ ಮನೆ ಖಾಲಿ ಮಾಡುವೆನೆಂದಳು. ಅಷ್ಟು ಅಚ್ಚುಕಟ್ಟಾದವಳನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಸಿಂಕಿನ ಕೆಳಗೆ ಪಂಪಿರುವ ಡಬ್ಬವೊಂದನ್ನು ಇಡಿಸಿದೆ. ಡಬ್ಬ ತುಂಬಿದೊಡನೆ ಪಂಪು ತಾನೇ ಶುರುವಾಗಿ ನೀರನ್ನು ಮೋರಿಗೆ ಎತ್ತಿ ಹಾಕುತ್ತದೆ.

೧. ಎಮ್ಮೆಯ ಪಾಲು

ಅದುವರೆಗೆ ಅಕ್ಕಿ ತೊಳೆದ ಕಲಗಚ್ಚು ಪಕ್ಕದ ಮನೆಯ ಎಮ್ಮೆಗೆ ಹೋಗುತ್ತಿತ್ತು. ಪಂಪು ಬಂದ ಸಂತೋಷದಲ್ಲಿ ಬಾಡಿಗೆಯವಳು ಅದನ್ನೂ ಸಿಂಕಿಗೇ ಸುರಿದಳು. ಎಮ್ಮೆಯ ಒಡತಿ ಖಾಲಿ ಬಕೆಟ್ಟು ಹಿಡಿದು ಬಂದು, ತಮ್ಮ ಎಮ್ಮೆಯ ಪಾಲನ್ನು ಮಿಷನ್ ಕುಡಿಯುತ್ತದೆಯೇ ಎಂದು ಕೇಳಿದರು. ಅದು ಮುಂದಕ್ಕೆ ತಳ್ಳುತ್ತದೆಯೇ ಹೊರತು ಕುಡಿಯುವುದಿಲ್ಲವೆಂದು ವಿವರಿಸಿದೆ.

"ಆಗ್ಲಮ್ಮ. ನಾಳೆಯಿಂದ ಹಾಲೂ ಅದನ್ನೇ ಕೇಳಿ."

೨. ಅವರೆಕಾಯಿಯ ಕಾಲ

ಹಿತಕಿದ ಬೇಳೆಯ ಸಾರು ಘಮಘಮಿಸಿದ ದಿನವೇ ಪಂಪು ನಿಂತಿತು. ಮೆಕ್ಯಾನಿಕ್ ಅದರ ಬಾಯಿಂದ ಹಿಡಿಗಟ್ಟಲೆ ಅವರೆ ಸಿಪ್ಪೆ ತೆಗೆದ. ನಾನು ಬಾಡಿಗೆಯವಳನ್ನು ವಿಚಾರಿಸಿದೆ. ತಾನು ಬಿಟ್ಟದ್ದು ನೀರು ಮಾತ್ರ, ಸಿಪ್ಪೆಗಳು ಜೊತೆಯಲ್ಲಿ ತಾವಾಗಿಯೇ ಹೊರಟವು ಎಂದಳು. ನೋಡಿಯೂ ಏಕೆ ತಡೆಯಲಿಲ್ಲವೆಂದೆ.

"ಹೊರಟೋರನ್ನ ತಡೀಬಾರ್ದಲ್ವಾಮ್ಮ?"

೩. ನರಳಾಟ

ಮೇಲೂರಿನ ಹಿರಿಯರೊಬ್ಬರು, ಮಗಳ ನಿಶ್ಚಿತಾರ್ಥದ ಅಡುಗೆಯನ್ನು ಒಪ್ಪಿಸುವ ಮೊದಲು ಅಡುಗೆಮನೆಯನ್ನು ನೋಡಲು ಬಂದರು. ಈ ಕೆಲಸ ತಪ್ಪಿದರೆ ರಸ್ತೆಗಿಂತ ಎತ್ತರದ ಮನೆ ಹುಡುಕುವುದೇ ಸೈ ಎಂದು ಬಾಡಿಗೆಯವಳು ನನಗೆ ಮೊದಲೇ ಹೇಳಿದ್ದಳು. ನನ್ನ ಎದುರೇ ಹಿರಿಯರು ರುಚಿ ನೋಡಿ, ತೃಪ್ತರಾಗಿ, ಸಿಂಕಿನಲ್ಲಿ ಕೈ ತೊಳೆದರು. ಕೆಳಗಿನಿಂದ ದೀರ್ಘವಾದ ನರಳಾಟ ಕೇಳಿಸಿತು. ಒಳಗೆ ಯಾರಿಗೆ ಹುಷಾರಿಲ್ಲವೆಂದು ಅವರು ಕೇಳಿದರು. ಕಾಲಬುಡದಲ್ಲಿ ಮುಸುರೆ ನೀರಿದೆ ಎನ್ನಲು ನಾಚಿ, "ನಮ್ಮತ್ತೆ" ಎಂದುಬಿಟ್ಟಳು.

ಅಷ್ಟರಲ್ಲಿ ಡಬ್ಬ ಬರಿದಾಯಿತು. ಗೊರಗೊರ ಎಂದು, ಗುಳುಕ್ಕೆಂದು, ಪಂಪು ನಿಂತಿತು.

ಹಿರಿಯರು ಕೈಮುಗಿದರು. "ಪುಣ್ಯಾತ್ಗಿತ್ತಿ. ಹೋಗ್ಬಿಟ್ರಮ್ಮ."

ಆ ಹೊತ್ತಿಗೆ ಸರಿಯಾಗಿ ಅತ್ತೆ ಕೊತ್ತಂಬರಿ ಕಟ್ಟು ಹಿಡಿದು ಬೀದಿಯಿಂದ ಬಂದು, ಹೋದವರು ಯಾರೆಂದು ಸೊಸೆಯನ್ನು ಕೇಳಿದರು.

"ನೀರು," ಎಂದೆ ನಾನು.

ಹಿರಿಯರಿಗೆ ಡಬ್ಬ ತೋರಿಸಬೇಕಾಯಿತು. ಅವರು ಹೊಸ್ತಿಲಿನ ಮೇಲೆ ಕೂತು ನಕ್ಕು, ಅಡುಗೆಯನ್ನು ಅವಳಿಗೇ ಒಪ್ಪಿಸಿ ಹೋದರು. ಅತ್ತೆ ವಾರವಿಡೀ ಸೊಸೆಯೊಡನೆ ಮಾತು ಬಿಟ್ಟರು.

ಮನೆ ಖಾಲಿ ಮಾಡುವ ವಿಚಾರ ಏನಾಯಿತೆಂದು ಸೊಸೆಯನ್ನು ಕೇಳಿದೆ.

"ಇಷ್ಟು ನೆಮ್ಮದಿ ಇರೋ ಮನೆ ಬೇರೆ ಎಲ್ಲಿ ಸಿಗುತ್ತಮ್ಮ?"