ಇಲ್ಲ ಎನ್ನದ ಸೋಮವಾರ

ಇನ್ನಾಸಪ್ಪನ ಆ ದಿನದ ಫಜೀತಿಗೆಲ್ಲ ಮೂಲ ಪಕ್ಕದ ಮನೆಯ ಪುಟ್ಟಲಿಂಗಯ್ಯನ ಟಗರು. ಭಾನುವಾರ ಸಂಜೆ ಅದು ಜಗಲಿ ಹತ್ತಿ, ಪುಟ್ಟಲಿಂಗಯ್ಯ ಬಿಚ್ಚಿಟ್ಟಿದ್ದ ಕನ್ನಡಕದ ಮೇಲೆ ಕಾಲಿಟ್ಟು, ಏನೂ ನಡೆಯಲೇ ಇಲ್ಲವೆಂಬಂತೆ ಇಳಿದುಹೋಯಿತು. ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಪುಟ್ಟಲಿಂಗಯ್ಯ ಇನ್ನಾಸಪ್ಪನ ಬಾಗಿಲಲ್ಲಿದ್ದ.

“ಲೇ ಇನ್ನಾಸಪ್ಪ, ರೇಷ್ಮೆಗೂಡು ತಕ್ಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊಂಟಿವ್ನಿ. ಸಂಜೆಗಂಟ ಒಸಿ ನಿನ್ನ ಕನ್ನಡಕ ಕೊಡ್ಲಾ. ಚೀಟೀಲಿ ಏನ್ ಬರ್ದವ್ರೆ ಅಂತ ಕಾಣ್ದಿದ್ರೆ, ತೂಕ ಮಾಡೋನು ನನ್ನೇ ಟಗರು ಅಂದ್ಕಂಡ್ಬುಡ್ತಾನೆ.”

ಬೇರೆ ದಿನವಾಗಿದ್ದರೆ ಇನ್ನಾಸಪ್ಪ ತನ್ನ ಎರಡು ಎತ್ತನ್ನಾದರೂ ಕೊಡುತ್ತಿದ್ದ, ಕನ್ನಡಕ ಕೊಡುತ್ತಿರಲಿಲ್ಲ. ಅದಿಲ್ಲದೆ ಅವನಿಗೆ ಮೂರು ಮಾರಾಚೆಯ ಮನುಷ್ಯನೂ ಹುಣಸೆಮರವೂ ಒಂದೇ, ಕೈಯಲ್ಲಿನ ಅಕ್ಷರವೂ ಇರುವೆಸಾಲೂ ಒಂದೇ. ಆದರೆ ಹಿಂದಿನ ದಿನ ಕೈಲಾಂಚದ ಹತ್ತಿರದ ಅವರ ಪುಟ್ಟ ಊರಿನ ಗುಡಿಯಂಥ ಚರ್ಚಿಗೆ ಪಟ್ಟಣದಿಂದ ಬಂದಿದ್ದ ಪಾದ್ರಿ ಸ್ವಾಮಿಯವರು ಪ್ರಸಂಗದಲ್ಲಿ, ಅಂದರೆ ಪೂಜೆಯ ಉಪದೇಶದಲ್ಲಿ, ಒಂದು ಮಾತು ಹೇಳಿದ್ದರು. “ಈ ವಾರ ಒಂದು ಕೆಲಸ ಮಾಡಿ. ಯಾರು ಬಂದು ಏನು ಕೇಳಿದರೂ ಇಲ್ಲ ಅನ್ನಬೇಡಿ. ನಿಮ್ಮ ಮನೆಯದನ್ನು ದೇವರು ನೋಡಿಕೊಳ್ಳುತ್ತಾನೆ.” ಐದು ಮನೆಯ ಕ್ರೈಸ್ತರಲ್ಲಿ ನಾಲ್ಕು ಮನೆಯವರು ತಲೆದೂಗಿ ಮರೆತರು. ಇನ್ನಾಸಪ್ಪ ಮನೆಗೆ ಬರುವ ದಾರಿಯಲ್ಲಿ ಸಿಕ್ಕವರಿಗೆಲ್ಲ ಆ ಮಾತನ್ನು ಹೇಳಿಕೊಂಡೇ ಬಂದಿದ್ದ. ಈಗ ಹಿಂದೆ ಸರಿಯುವ ಹಾಗಿರಲಿಲ್ಲ.

ಕನ್ನಡಕ ಬಸ್ಸು ಹತ್ತಿತು.

ಅವು ಊರಿಗೆ ಊರೇ ಹಿಪ್ಪುನೇರಳೆ ಹಾಕಿ ರೇಷ್ಮೆಯ ಹಿಂದೆ ಬಿದ್ದಿದ್ದ ವರ್ಷಗಳು. ನೆಂಟರು ಬಂದರೆ ಮೊದಲು ಹುಳು ಹೇಗಿವೆ ಎಂದು ಕೇಳಿ, ಆಮೇಲೆ ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಿದ್ದರು. ಇನ್ನಾಸಪ್ಪನ ನಡುಮನೆಯಲ್ಲೂ ತಟ್ಟೆಗಳ ಮೇಲೆ ತಟ್ಟೆ ಹುಳು ಇದ್ದವು. ಹೋದ ಬೆಳೆ ಪೂರ್ತಿ ರೋಗಕ್ಕೆ ಹೋಗಿತ್ತು. ಈ ಸಲ ಕೈಗೆ ಹತ್ತಿದರೆ ಪಕ್ಕದ ಮೋಟುಗೋಡೆಯ ಕೋಣೆಗೆ ಹೆಂಚು ಹೊದಿಸಿ, ಬಸುರಿ ಮಗಳನ್ನು ಬಾಣಂತನಕ್ಕೆ ಕರೆತರಬೇಕೆಂದು ಅವನೂ ಹೆಂಡತಿ ಲೂರ್ದಮ್ಮನೂ ಲೆಕ್ಕ ಹಾಕಿದ್ದರು. ಹುಳು ಹಣ್ಣಾಗಲು, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾಗಲು, ಇನ್ನು ಮೂರೇ ದಿನ.

ಕನ್ನಡಕ ಹೋದ ಅರ್ಧ ಗಂಟೆಗೆ ಮೂಲೆಮನೆಯ ದಾಸಮ್ಮ ಬಂದಳು. ಹುಳು ಸಾಕುವುದರಲ್ಲಿ ಊರಿಗೇ ಹಿರಿಯಳು.

“ಇನ್ನಾಸಪ್ಪ, ನನ್ನ ಹುಳ ಹಣ್ಣಾಗವೆ ಕಣಪ್ಪ. ಚಂದ್ರಿಕೆ ಸಾಲ್ದು. ನೀನು ಈ ವಾರ ಯಾರ್ಗೂ ಇಲ್ಲ ಅನ್ನಾಕಿಲ್ವಂತಲ್ಲ, ಅದ್ಕೇ ನೆಟ್ಟಗೆ ಇಲ್ಗೇ ಬಂದೆ.”

ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ, ಬಿದಿರಿನ ಸುರುಳಿ ಹೆಣೆದ ದೊಡ್ಡ ಚಾಪೆಯಂಥದ್ದೇ ಚಂದ್ರಿಕೆ. ಒಮ್ಮೆ ಹುಳು ಹತ್ತಿದರೆ ಐದು ದಿನ ಅದನ್ನು ಅಲ್ಲಾಡಿಸುವಂತಿಲ್ಲ. ಇನ್ನಾಸಪ್ಪನ ಬಳಿ ಇದ್ದವು ಹತ್ತು. ಚರ್ಚಿನ ಬಾಗಿಲಿಗೆ ಬಳಿದು ಉಳಿದ ನೀಲಿ ಬಣ್ಣದಲ್ಲಿ ಲೂರ್ದಮ್ಮ ಒಂದೊಂದರ ಮೂಲೆಗೂ ಪುಟ್ಟ ಶಿಲುಬೆ ಬರೆದಿದ್ದಳು.

“ಎಷ್ಟು ಬೇಕು ದಾಸಮ್ಮಕ್ಕ?”

“ಎಷ್ಟೈತೆ?”

ಹತ್ತೂ ಹೋದವು. ಇನ್ನಾಸಪ್ಪನೇ ಹೊತ್ತು ತಲುಪಿಸಿದ. ಹಣ್ಣಾದ ಹುಳು ಆರಿಸಲು ಊರಿನ ಹೆಂಗಸರೆಲ್ಲ ಸೇರುವುದು ವಾಡಿಕೆ. ಲೂರ್ದಮ್ಮನೂ ಸೆರಗು ಸಿಕ್ಕಿಸಿಕೊಂಡು ಹೊರಟಳು. “ಮೇವು ಒದ್ದೆ ಗೋಣಿ ಕೆಳ್ಗೆ ಐತೆ, ಹನ್ನೊಂದಕ್ಕೆ ನೋಡ್ಕಳಿ” ಎಂದು ಗಂಡನಿಗೆ ಕೂಗಿ ಹೇಳಿದಳು.

ಹನ್ನೊಂದಕ್ಕೆ ಇನ್ನಾಸಪ್ಪ ಮನೆಗೆ ಬಂದು ಗೋಣಿ ಎತ್ತಿದ. ಬುಟ್ಟಿ ಬರಿದಾಗಿತ್ತು. ‘ಪಾಪ, ಹೋಗೋ ಮುಂಚೆ ಅವಳೇ ಹಾಕಿ ಹೋಗಿದ್ದಾಳೆ. ನನಗೆ ಕಷ್ಟ ಆಗಬಾರದು ಅಂತ’ ಎಂದುಕೊಂಡ. ಮದುವೆಯಾಗಿ ಇಪ್ಪತ್ತೇಳು ವರ್ಷವಾದರೂ ಹೆಂಡತಿಯ ಇಂಥ ಸಣ್ಣ ಕರುಣೆ ಅವನಿಗೆ ಹಳತಾಗಿರಲಿಲ್ಲ. ನೆಮ್ಮದಿಯಿಂದ ಮುದ್ದೆ ಉಂಡು, ಜಗಲಿಯ ಮೇಲೆ ಟವೆಲ್ ಹಾಸಿ ಮಲಗಿದ.

ಎದ್ದಾಗ ಹೊತ್ತು ಇಳಿದಿತ್ತು. ನಡುಮನೆಗೆ ಹೋಗಿ ಬಗ್ಗಿ ನೋಡಿದ. ಹುಳುಗಳೆಲ್ಲ ತಲೆ ಎತ್ತಿದ್ದವು. ತಟ್ಟೆಯ ಅಂಚಿನ ಮೇಲೆ, ಜಾತ್ರೆ ಬಸ್ಸಿನ ಬಾಗಿಲಿಗೆ ಜೋತುಬಿದ್ದವರ ಹಾಗೆ, ಅತ್ತಿತ್ತ ತಡಕಾಡುತ್ತಿದ್ದವು. ಮೇವು ಒಂದೆಲೆಯೂ ಕಾಣಲಿಲ್ಲ. ಗೋಣಿ ಕಟ್ಟಿದ ಕಿಟಕಿಯಿಂದ ಬಂದ ಸಂಜೆಬಿಸಿಲಲ್ಲಿ, ಕನ್ನಡಕವಿಲ್ಲದ ಕಣ್ಣಿಗೆ ಒಂದೊಂದು ಹುಳುವೂ ಹಳದಿ ಹಳದಿಯಾಗಿ ಹೊಳೆಯಿತು.

ತಲೆ ಎತ್ತಿ ಹಳದಿಗೆ ತಿರುಗುವುದೇ ಹುಳು ಹಣ್ಣಾದ ಗುರುತು. ಹಣ್ಣಾಗಿಬಿಟ್ಟಿವೆ. ಮೂರು ದಿನ ಮೊದಲೇ. ಮನೆಯಲ್ಲಿ ಒಂದೂ ಚಂದ್ರಿಕೆ ಇಲ್ಲ.

ಕತ್ತಲಾಗುವುದರೊಳಗೆ ಹತ್ತಿಸದಿದ್ದರೆ ಹುಳು ತಟ್ಟೆಯ ಹಿಕ್ಕೆಯಲ್ಲೇ ನೂಲು ಚೆಲ್ಲುತ್ತವೆ. ಹೆಂಚಿಲ್ಲ, ಕೋಣೆಯಿಲ್ಲ, ಮಗಳಿಲ್ಲ. ದಾಸಮ್ಮನನ್ನು ಕೇಳಲೇ ಎಂದುಕೊಂಡ. ಅವಳ ಹುಳು ಈಗಾಗಲೇ ಹತ್ತಿ ನೂಲು ಬಿಡುತ್ತಿರುತ್ತವೆ. ಅಲ್ಲದೆ ಬೆಳಗ್ಗೆ ಕೊಟ್ಟದ್ದನ್ನು ಸಂಜೆ ವಾಪಸು ಕೇಳಲು ನಾಲಿಗೆ ಏಳಲಿಲ್ಲ. “ದೇವರೇ, ನಿನ್ನನ್ನು ನಂಬಿಯೇ ಕೊಟ್ಟೆ. ಈಗ ನೀನುಂಟು, ನಾನುಂಟು” ಎಂದು ಸೈಕಲ್ಲು ಹೊರಗೆ ತಂದ. ಪುಟ್ಟಲಿಂಗಯ್ಯನ ಹಿತ್ತಲ ಗೋಡೆಗೆ ಉದ್ದಕ್ಕೆ ಏನೋ ಒರಗಿಸಿದ್ದು ಮಸುಕುಮಸುಕಾಗಿ ಕಂಡಿತು. ‘ಹೊಸ ಬೇಲಿ ಕಟ್ಟಿಸವ್ನೆ, ಬಾಯೇ ಬುಡ್ಲಿಲ್ಲ’ ಎಂದುಕೊಂಡು ಪೆಡಲು ತುಳಿದ.

ಮೂರು ಮೈಲಿಯಾಚೆಯ ಹುಣಸೆದೊಡ್ಡಿಯ ಬೀರಯ್ಯನ ಬಳಿ ಚಂದ್ರಿಕೆ ಇದ್ದರೂ ಇರಬಹುದು ಎಂಬುದೊಂದೇ ಆಸೆ. ದಾರಿಯಲ್ಲಿ ಹೊಲದಲ್ಲಿ ನೆಟ್ಟಿದ್ದ ಹುಲ್ಲಿನ ಬೆರ್ಚಪ್ಪನಿಗೆ ಎರಡು ಸಲ ನಮಸ್ಕಾರ ಹೇಳಿ, ಉತ್ತರ ಬಾರದ್ದಕ್ಕೆ ನೊಂದುಕೊಂಡ. ಕಾಲುವೆಯ ಬದಿಯಲ್ಲಿ ಮಲಗಿದ್ದ ಎಮ್ಮೆಯನ್ನು ಬಂಡೆಯೆಂದು ತಿಳಿದು ಸೈಕಲ್ಲು ಒರಗಿಸಲು ಹೋಗಿ, ಎಮ್ಮೆ ಎದ್ದು ನಿಂತ ಮೇಲೆ ಕಾಲುವೆಗೇ ಇಳಿದ. ಬೀರಯ್ಯನ ಅಂಗಳ ತಲುಪಿದಾಗ ಮೊಣಕಾಲವರೆಗೆ ಕೆಸರು.

ಬೀರಯ್ಯ ಬೀಡಿ ಎಳೆಯುತ್ತ ಕೂತಿದ್ದ. “ಇದೇನ್ಲಾ ಇನ್ನಾಸಪ್ಪ, ನಾಟಿ ಮಾಡ್ಕಂಡ್ ಬಂದಂಗಿದೀಯ.”

“ಚಂದ್ರಿಕೆ ಐತಾ ಬೀರಣ್ಣ? ಹುಳ ಹಣ್ಣಾಗ್ಬುಟ್ಟವೆ.”

“ಆರು ಐತೆ. ಮದ್ಯಾನ ತಾನೆ ತಂದಾಕಿದೀನಿ. ಆದ್ರೆ ನಾಳೆ ನನ್ನವೂ ಹಣ್ಣಾಯ್ತವೆ.” ಬೀರಯ್ಯ ಹೊಗೆ ಬಿಟ್ಟು ಯೋಚಿಸಿದ. “ಹೋಗ್ಲಿ, ಕೊಡ್ತೀನಿ. ನಾನು ಇನ್ನೆಲ್ಲಾದ್ರೂ ನೋಡ್ಕತೀನಿ. ನನ್ನ ಮನೇಲಿ ಕೈ ಕಮ್ಮಿ. ನಾಳೆ, ನಾಳಿದ್ದು ಎರಡು ದಿನ ಗಂಡ ಹೆಂಡ್ತಿ ಬಂದು ಹುಳ ಆರ್ಸಿಕೊಡ್ಬೇಕು. ಆಯ್ತದಾ?”

“ಎರಡು ದಿನ ಯಾಕೆ, ಮೂರು ದಿನ ಬತ್ತೀವಿ.”

ಆರು ಚಂದ್ರಿಕೆ ಗಾಡಿಗೇರಿದವು. ಇನ್ನಾಸಪ್ಪ ಒಂದನ್ನು ಪ್ರೀತಿಯಿಂದ ತಡವಿದ. “ಎಂಥಾ ಹೆಣಿಗೆ ಬೀರಣ್ಣ. ನಮ್ಮವೂ ಇವೆ, ಮುಟ್ಟಿದ್ರೆ ಸಿಬಿರು. ದೇವರು ಒಂದು ಬಾಗ್ಲು ಹಾಕಿದ್ರೆ ನಿನ್ನಂಗೆ ಒಬ್ಬನ್ನ ಕಳಿಸ್ತಾನೆ ನೋಡು.”

ಬೀರಯ್ಯನಿಗೆ ಇದು ಹಿಡಿಸಿತು. ಚಂದ್ರಿಕೆಗಳ ಮೇಲೆ ಧೂಳು ಬೀಳದಂತೆ ಗೋಣಿ ಹೊದಿಸಿ ಗಾಡಿ ಹೊಡೆದ.

ಗಾಡಿ ಊರು ಮುಟ್ಟುವ ಮೊದಲೇ, ದಾರಿಯಲ್ಲಿ ಸಿಕ್ಕವರ ಬಾಯಿಂದ ಸುದ್ದಿ ಮುಟ್ಟಿತ್ತು. ಬೆಳಗಿನಿಂದ ದಾಸಮ್ಮನ ಮನೆಯಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದಿದ್ದ ಹೆಂಗಸರೇ ಮತ್ತೆ ಕೈ ತೊಳೆದುಕೊಂಡು ಇನ್ನಾಸಪ್ಪನ ಮನೆಗೆ ಬಂದಿದ್ದರು. ಯಾರೂ ಕರೆದಿರಲಿಲ್ಲ. ಬೀರಯ್ಯ ಗಾಡಿಯಿಂದ ಇಳಿದು ಒಳಗೆ ಕಾಲಿಡಹೋದರೆ ದಾಸಮ್ಮ ತಡೆದಳು. “ಬೀಡಿ ಸೇದಿದ ಮೈ ಹಂಗೇ ತಂದ್ಯಾ? ಹುಳಕ್ಕೆ ಆಗಾಕಿಲ್ಲ. ಅಲ್ಲೇ ನಿಂತ್ಕೊ.”

ತಾನು ಒಳಗೆ ಹೋಗಿ ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು ದೀಪಕ್ಕೆ ಹಿಡಿದಳು. ದಾಸಮ್ಮ ಇನ್ನೊಂದು ಹುಳು ಎತ್ತಿದಳು. ಮತ್ತೊಂದು.

“ಇನ್ನಾಸಪ್ಪ, ಇವು ಹಣ್ಣಾಗಿಲ್ಲ ಕಣಪ್ಪ.”

“ಮತ್ತೆ ತಲೆ ಎತ್ತವಲ್ಲ?”

“ಹಸ್ಕಂಡವೆ. ಊಟಕ್ಕೆ ಬಡಿಸ್ದೇ ಕೂರ್ಸಿದ್ರೆ ನೀನೂ ತಲೆ ಎತ್ತಿ ಅಡುಗೆಮನೆ ಕಡೆ ನೋಡಾಕಿಲ್ವಾ?”

ಇನ್ನಾಸಪ್ಪ ಹೆಂಡತಿಯ ಕಡೆ ತಿರುಗಿದ. “ನೀನು ಮೇವು ಹಾಕಿ ಹೋಗ್ಲಿಲ್ವಾ?”

“ನಾನೆಲ್ಲಿ ಹಾಕ್ದೆ? ನಿಮ್ಗೆ ಕೂಗಿ ಹೇಳಿ ದಾಸಮ್ಮಕ್ಕನ ಮನೆಗೆ ಹೊಂಟಾಗ ಬಾಗ್ಲಲ್ಲೇ ಹಿಂದಿನ ಬೀದಿ ತಿಮ್ಮಮ್ಮ ಸಿಕ್ಕಿದ್ಲು. ಮೇವು ಇಲ್ಲ ಅಂತ ಕಣ್ಣೀರ್ ಹಾಕಿದ್ಲು. ಬುಟ್ಟೀಲಿದ್ದದ್ದು ಕೊಟ್ಬುಟ್ಟೆ. ಬರೀ ಬುಟ್ಟಿ ಕಂಡ್ರೆ ನೀವು ತೋಟಕ್ಕೆ ಹೋಗಿ ಕುಯ್ಕಂಬತ್ತೀರ ಅಂದ್ಕಂಡೆ.” ಲೂರ್ದಮ್ಮ ದನಿ ತಗ್ಗಿಸಿದಳು. “ನಾನೂ ಪ್ರಸಂಗ ಕೇಳಿದ್ನಲ್ಲ.”

ಮೊದಲು ನಕ್ಕವರು ಯಾರೆಂದು ಗೊತ್ತಾಗಲಿಲ್ಲ. ಆದರೆ ಆ ನಗು ಮುಗಿಯುವುದರೊಳಗೆ ಮನೆ ಬರಿದಾಯಿತು. ಕಾಲು ಗಂಟೆಯಲ್ಲಿ ಒಬ್ಬೊಬ್ಬರೇ ಮರಳಿ ಬಂದರು. ಒಬ್ಬಳ ಮಡಿಲಲ್ಲಿ ಮೇವು, ಒಬ್ಬಳ ತಲೆಯ ಮೇಲೆ ಹೊರೆ. ತಿಮ್ಮಮ್ಮ ಬೆಳಗಿನ ಮೇವಿನಲ್ಲಿ ಉಳಿದ ಅರ್ಧವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಯಾರಿಗೂ ಕಾಣದ ಹಾಗೆ ಬಾಗಿಲ ಹಿಂದೆ ಇಟ್ಟಳು. ತಟ್ಟೆಗಳಿಗೆ ಮೇವು ಬಿದ್ದದ್ದೇ ಹುಳುಗಳು ತಲೆ ತಗ್ಗಿಸಿದವು. ಒಂದೂ ಸತ್ತಿರಲಿಲ್ಲ.

“ಹೆದ್ರಬೇಡ, ಗುರುವಾರಕ್ಕೆ ಚೆಂದಾಗಿ ಹಣ್ಣಾಯ್ತವೆ” ಎಂದಳು ದಾಸಮ್ಮ.

ಇನ್ನಾಸಪ್ಪ ಕಣ್ಣೊರೆಸಿಕೊಂಡು ಹೊರಗೆ ಬಂದ. ಅಷ್ಟರಲ್ಲಿ ಸಂಜೆ ಬಸ್ಸಿಗೆ ಬಂದಿಳಿದ ಪುಟ್ಟಲಿಂಗಯ್ಯ ಕನ್ನಡಕ ತಂದು ಅವನ ಕೈಗಿಟ್ಟ. “ತಕ್ಕೊ. ನಿನ್ನ ಕನ್ನಡಕಕ್ಕೆ ಮಾರ್ಕೆಟ್ಟಲ್ಲಿ ಭಾಳ ಮರ್ಯಾದೆ.”

ಉಳಿದಿದ್ದ ಬೆಳಕಲ್ಲಿ ಕನ್ನಡಕ ಏರಿಸಿದ್ದೇ ಲೋಕಕ್ಕೆ ಅಂಚುಗಳು ಬಂದವು. ಗಾಡಿಯ ಮೇಲಿನ ಗೋಣಿ ಸರಿದಿತ್ತು. ಚಂದ್ರಿಕೆಯ ಮೂಲೆಯಲ್ಲೊಂದು ಪುಟ್ಟ ನೀಲಿ ಶಿಲುಬೆ. ಅದರ ಕೆಳಗಿನದಕ್ಕೂ ಒಂದು. ಇನ್ನಾಸಪ್ಪ ಆರನ್ನೂ ಎಣಿಸಿ ನೋಡಿದ.

“ಬೀರಣ್ಣ, ಇವೆಲ್ಲಿ ಸಿಕ್ಕಿದ್ವು ನಿಂಗೆ?”

“ನಮ್ಮಕ್ಕ ಕೊಟ್ಲು. ಆ ನೀಲಿ ಗುರ್ತು ನೋಡಿ ರೇಷ್ಮೆ ಇಲಾಖೇದು ಅಂದ್ಕಂಡಿದ್ದೆ.”

“ಯಾವ ಅಕ್ಕ?”

ಬೀರಯ್ಯ ಬಾಗಿಲ ಕಡೆ ಗಲ್ಲ ತೋರಿಸಿದ. ಅಲ್ಲಿ ದಾಸಮ್ಮ ನಿಂತಿದ್ದಳು.

“ಇವನು ನನ್ನ ಚಿಕ್ಕಪ್ಪನ ಮಗ ಕಣಪ್ಪ” ಎಂದಳು ದಾಸಮ್ಮ. “ನನ್ನ ಹುಳ ಅರ್ಧವೇ ಹಣ್ಣಾಗಿದ್ದು, ನಾಲ್ಕರಲ್ಲೇ ಮುಗೀತು. ಇವನು ಗಾಡಿ ಹೊಡ್ಕಂಡು ಬಂದು ಕೇಳ್ದ, ಹಿತ್ಲಿಂದ ಎತ್ತಿ ಕೊಟ್ಟೆ. ನೀನೇ ತಾನೆ ಈ ವಾರ ಯಾರ್ಗೂ ಇಲ್ಲ ಅನ್ನಬಾರ್ದು ಅಂತ ಊರೆಲ್ಲ ಸಾರ್ಕಂಡು ಬಂದಿದ್ದು? ಒಳ್ಳೇ ಮಾತು ಅಂತ ನಾನೂ ಹಿಡ್ಕಂಡೆ.”

ಇನ್ನಾಸಪ್ಪ ತನ್ನ ಕೆಸರು ಕಾಲನ್ನು ನೋಡಿಕೊಂಡ. “ಹಂಗಾದ್ರೆ ಬೀರಣ್ಣ, ನನ್ನ ಚಂದ್ರಿಕೆಗೇ ನಾನು ಕೂಲಿ ಮಾಡ್ಬೇಕಾ?”

“ಮೂರು ದಿನ ಅಂದವನು ನೀನೇ” ಎಂದ ಬೀರಯ್ಯ. “ಮೂರನೇ ದಿನ ಬಿಡ್ತೀನಿ ಹೋಗು. ನಿನ್ನ ಹುಳ ಗುರುವಾರಕ್ಕೆ ತಾನೆ? ನನ್ನವು ನಾಳೇನೇ. ಇವನ್ನ ನಾನೇ ತಕ್ಕೊಂಡು ಹೋಗ್ಲಾ?”

ಅಂಗಳದವರೆಲ್ಲ ಇನ್ನಾಸಪ್ಪನ ಬಾಯಿಯನ್ನೇ ನೋಡಿದರು. ಲೂರ್ದಮ್ಮನೂ ನೋಡಿದಳು. ‘ಇಲ್ಲ’ ಎಂಬ ಮಾತು ಗಂಟಲವರೆಗೆ ಬಂದು, ಅಲ್ಲೇ ಕೂತು, ಇಳಿದುಹೋಯಿತು.

“ತಕ್ಕೊಂಡು ಹೋಗು.”

“ಮತ್ತೆ ಗುರುವಾರಕ್ಕೆ ನಮಗೆ?” ಎಂದಳು ಲೂರ್ದಮ್ಮ ಮೆಲ್ಲಗೆ.

ಪುಟ್ಟಲಿಂಗಯ್ಯ ತಲೆ ಕೆರೆದುಕೊಂಡ. “ಅಲ್ಲ ಕಣ್ಲಾ, ನನ್ನ ಇಪ್ಪತ್ತು ಚಂದ್ರಿಕೆ ನಿನ್ನೆ ಗೂಡು ಬಿಡ್ಸಿದ ಮ್ಯಾಕೆ ಖಾಲಿ ಬಿದ್ದವೆ. ಅಗೋ, ನಿನ್ನ ಕಣ್ಣೆದುರಿಗೇ ಗೋಡೆಗೆ ಒರಗ್ಸಿದೀನಿ. ಯಾರೂ ಕೇಳೇ ಇಲ್ವಲ್ಲ.”

ಇನ್ನಾಸಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದ. ಹೊಸ ಬೇಲಿ ಚಂದ್ರಿಕೆಗಳಾಗಿ ನಿಂತಿತ್ತು.

“ಗುರುವಾರ ಅಷ್ಟೂ ನಿಂಗೇ” ಎಂದ ಪುಟ್ಟಲಿಂಗಯ್ಯ. ಆಮೇಲೆ ಕೆಮ್ಮಿದ. “ಒಂದೇ ಒಂದು ಮಾತು. ನನ್ನ ಕನ್ನಡಕ ರಿಪೇರಿಗೆ ಕೊಟ್ಟಿವ್ನಿ, ನಾಳೆ ಬಾ ಅಂದವ್ರೆ. ಹೋಗ್ಬೇಕಾದ್ರೆ ಬಸ್ಸಿನ ಬೋರ್ಡ್ ಕಾಣ್ಬೇಕಲ್ಲ. ಮೊದಲ್ನೇ ಬಸ್ಸಿಗೇ ಹೋಗೋನು, ನಿಮ್ಮನ್ನ ಎಬ್ಸದ್ ಬ್ಯಾಡ ಅಂತ. ಈಗ್ಲೇ ಕೊಟ್ಬುಟ್ರೆ…”

ಇನ್ನಾಸಪ್ಪ ಕನ್ನಡಕ ಬಿಚ್ಚಿ ಕೊಟ್ಟ. ಲೋಕ ಮತ್ತೆ ಮಸುಕಾಯಿತು. ನಗುತ್ತಿದ್ದವರು ಯಾರು, ಬೀರಯ್ಯನ ಗಾಡಿ ಯಾವುದು, ಒಂದೂ ತಿಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ಲೂರ್ದಮ್ಮ ದೀಪ ಹತ್ತಿರಕ್ಕೆ ಸರಿಸಿ, ದಿನದಂತೆ ಪ್ರಾರ್ಥನೆ ಪುಸ್ತಕ ತಂದು ಗಂಡನ ಮುಂದಿಟ್ಟಳು. ಇನ್ನಾಸಪ್ಪ ಪುಟವನ್ನು ಮೂಗಿಗೆ ತಂದ, ತೋಳುದ್ದ ದೂರ ಹಿಡಿದ, ಮಡಚಿ ಕೆಳಗಿಟ್ಟ.

“ಏನೂ ಕಾಣಾಕಿಲ್ಲ ಕಣೆ.”

“ಬಾಯಿಗೆ ಬರೋದು ಹೇಳಿ.”

ಅವನಿಗೆ ತಪ್ಪಿಲ್ಲದೆ ಬಾಯಿಗೆ ಬರುತ್ತಿದ್ದದ್ದು ಊಟಕ್ಕೆ ಮುಂಚಿನ ಪ್ರಾರ್ಥನೆ ಒಂದೇ. ಇಬ್ಬರೂ ಕಣ್ಣು ಮುಚ್ಚಿದರು. ಈ ಹೊತ್ತಿನ ಅನ್ನಕ್ಕಾಗಿ, ಅದನ್ನು ತಂದ ಕೈಗಳಿಗಾಗಿ ಇನ್ನಾಸಪ್ಪ ನಿಧಾನವಾಗಿ ದೇವರಿಗೆ ವಂದನೆ ಹೇಳತೊಡಗಿದ.

ಒಳಗೆ ಹುಳುಗಳು ಆಮೆನ್‌ಗೆ ಕಾಯಲಿಲ್ಲ. ಅವು ಆಗಲೇ ಊಟಕ್ಕೆ ಕೂತಿದ್ದವು.