ವಶೀಲಿ ಇದ್ದ ಹಾಡು

ಬಿ.ಎ. ಇಂಗ್ಲಿಷ್ ಪಾಸಾದ ಮೇಲೂ ಇಂಗ್ಲಿಷ್ ಹಾಡಿನ ಒಂದು ಮಾತೂ ತನಗೆ ತಿಳಿಯುವುದಿಲ್ಲ ಎಂಬ ಸಂಗತಿಯನ್ನು ವಿದ್ಯಾವತಿ ಡೈರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಸಿಂದಗಿಯಲ್ಲಿ ಕೇಳುವವರೂ ಇರಲಿಲ್ಲ, ತೊಂಬತ್ತೆಂಟರ ಆ ಶನಿವಾರದವರೆಗೆ.

ಬಸ್‌ಸ್ಟ್ಯಾಂಡಿನ ಎದುರು ಹಾಜಿಮಲಂಗನ ಕ್ಯಾಸೆಟ್ ಅಂಗಡಿ. ಖಾಲಿ ಕ್ಯಾಸೆಟ್ ಒಯ್ದು ಕೊಟ್ಟರೆ ಬೇಕಾದ ಹಾಡು ತುಂಬಿಕೊಡುತ್ತಿದ್ದ ಕಾಲ ಅದು. ಹೈಸ್ಕೂಲಿನ ಚೇರ್ಮನ್ನರ ಮಗ ಅನಿಲನಿಗಾಗಿ ಆತ 'ಜಗತ್ತಿನ ಅತಿ ಇನ್‌ಫ್ಲುಯೆನ್ಶಿಯಲ್ ರಾಕ್ ಹಾಡುಗಳು' ತುಂಬುತ್ತಿದ್ದ. ಕೊನೆಗೆ ಒಂದೇ ಹಾಡಿನ ಜಾಗ ಉಳಿಯಿತು, ಹಾಡು ಎರಡು ಉಳಿದವು. ಒಂದು ಡ್ರಮ್ಮಿನದು, ತಗಡಿನ ಶೆಡ್ಡಿನ ಮೇಲೆ ಆಣೆಕಲ್ಲು ಬಿದ್ದಂತೆ. ಇನ್ನೊಂದು ಗಿಟಾರಿನದು, ಎಮ್ಮೆಕರು ತಾಯಿಯನ್ನು ಕರೆದಂತೆ.

"ಇನ್‌ಫ್ಲುಯೆನ್ಸ್ ಅಂದ್ರ ವಶೀಲಿ," ಎಂದ ಆಲಮೇಲ ಬಸ್ಸಿನ ಡ್ರೈವರ್ ದಾವಲಮಲಿಕ. "ಯಾವ ಹಾಡಿನ ವಶೀಲಿ ನಡೀತೈತಿ ಅದನ್ನ ನೋಡು. ಗಿಟಾರಿಂದು ಹಚ್ಚಿದ್ರ ನನ್ನ ಬಸ್ಸಿನ್ಯಾಗ ಸೀಟಿನ ಜಗಳನ ನಿಂತ ಹೋಗ್ತೈತಿ."

"ಡ್ರಮ್ಮಿಂದು ಹಚ್ಚಿದ್ರ, ಝಂಡಾ ಊರಿ ಕುಂತಿದ್ದ ನಮ್ಮ ಮಾವ ಅರ್ಧಾ ಚಾ ಬಿಟ್ಟು ಊರಿಗಿ ಹ್ವಾದ," ಎಂದ ಹಾಜಿಮಲಂಗ. "ಅದಕ್ಕಿಂತ ವಶೀಲಿ ಬೇಕೇನು? ತಡಿ, ಇಂಗ್ಲಿಷ್ ಕಲ್ತಾಕಿ ಬಂದ್ಲು. ಆಕೀನ್ನ ಕೇಳೂಣು."

ಗಿರಣಿಯಿಂದ ಬರುತ್ತಿದ್ದ ವಿದ್ಯಾವತಿ ಜೋಳದ ಹಿಟ್ಟಿನ ಡಬ್ಬಿ ಸಮೇತ ನ್ಯಾಯಾಧೀಶೆಯಾದಳು. "ಸಂಜೀಕ ಹೇಳ್ತೇನ್ರಿ," ಎಂದು ಪಾರಾದಳು.

ಎಲ್ಲಿಯ ಪಾರು! ಆಕೆ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಪಕ್ಕದ ಮನೆಯ ಲಕ್ಕವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು.

"ಚೇರ್ಮನ್ ಬಸಂತರಾಯರ ಮಗಗ ಡ್ರಮ್ಮಿಂದ ಬೇಕಂತ ತಂಗಿ. ಸೋಮವಾರ ಅವ್ರ ಸಾಲ್ಯಾಗ ನಿಂದು ಇಂಟರ್‌ವ್ಯೂ ಐತಿ. ತಲಿ ಐತಿಲ್ಲೋ ನಿನಗ?"

ತಲೆಯಿತ್ತು. ಮನಸ್ಸು ಮಾತ್ರ ಗಿಟಾರಿನ ಕಡೆಗಿತ್ತು.

"ಯಾವದೋ ಡಬಡಬ ಹಾಡಿಗಿ ಹೂಂ ಅಂದ್ರ ನಿನ್ನ ಗಂಟೇನ ಹೋಗ್ತೈತಿ? ನೌಕರಿ ನೋಡು," ಎಂದು ಅವ್ವ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟುಬಿಟ್ಟಳು.

ಸಂಜೆ ಅಂಗಡಿಯ ಮುಂದೆ ಮಂದಿಯೋ ಮಂದಿ. ನಡುವೆ ಕುರ್ಚಿ ಹಾಕಿಸಿಕೊಂಡು ಖುದ್ದು ಬಸಂತರಾಯರು. ವಿದ್ಯಾವತಿ ತನ್ನ ಚಪ್ಪಲಿ ನೋಡುತ್ತ, "ಡ್ರಮ್ಮಿಂದ್ರಿ," ಎಂದಳು.

ಬಸಂತರಾಯರ ಮುಖ ಸಪ್ಪಗಾಯಿತು. "ನಮ್ಮ ಅನಿಲ ಮಧ್ಯಾಹ್ನನ ಮನಸ್ ಬದಲ ಮಾಡ್ಯಾನವಾ. ಡ್ರಮ್ಮಿಂದು ಕೇಳಿದ್ರ ತಲಿ ನೋಯ್ತೈತಂತ. ಗಿಟಾರಿಂದ ಖರೇ ಹಾಡು ಅಂತಾನ. ನಿನಗ ಅಷ್ಟೂ ತಿಳೀಲಿಲ್ಲಂದ್ರ ನಮ್ಮ ಸಾಲ್ಯಾಗ ಏನ ಕಲಸ್ತಿ?"

"ನನಗೂ ಗಿಟಾರಿಂದ ಸೇರ್ತೈತ್ರಿ," ಎಂದಳು ಮೆಲ್ಲಗೆ.

"ಹೆಂಗ ಹೊಳ್ಳಿದ್ಲು ನೋಡ್ರಿ," ದಾವಲಮಲಿಕ ನಕ್ಕ. "ಈಕೀನ್ನ ಇಲೆಕ್ಷನ್‌ಗಿ ನಿಂದರಸ್ರಿ."

ಮಂದಿಯೂ ನಕ್ಕರು. ಹಾಜಿಮಲಂಗ ಗಿಟಾರಿನ ಹಾಡು ಹಚ್ಚಿದ. ಹೊರಟಿದ್ದ ವಿದ್ಯಾವತಿ ನಿಂತಳು. ತಿರುಗಿ ನೋಡಿದಳು. ಆಕೆಯ ದನಿ ಮೊದಲ ಸಲ ರಸ್ತೆಯ ಆಚೆಗೂ ಕೇಳಿಸಿತು.

"ವಿಜಾಪುರದ ಹಾಸ್ಟೆಲಿನ್ಯಾಗ ನನ್ನ ಗೆಳತಿ ಗುಲನಾಜ ವಾಕ್‌ಮನ್ನಿನ ಒಂದು ವೈರು ತನ್ನ ಕಿವ್ಯಾಗ, ಒಂದು ನನ್ನ ಕಿವ್ಯಾಗ ಇಟ್ಟು ಇದನ್ನ ಕೇಳಸ್ತಿದ್ಲು. ಮಾತು ಆಕಿಗೂ ತಿಳೀತಿದ್ದಿಲ್ಲ, ನನಗೂ ತಿಳೀತಿದ್ದಿಲ್ಲ. ಆಕಿ ಲಗ್ನಾಗಿ ಮುದ್ದೇಬಿಹಾಳಕ್ಕ ಹ್ವಾದ್ಲು. ನನಗ ಆಕೀನ್ನ ನೋಡಬೇಕನಸ್ತೈತ್ರಿ."