ಡಬ್ಬಾ ಕ್ಯಾಮರಾ ಮತ್ತು ಎರಡು ದಿನದ ಸಂಡಿಗೆ

ನನ್ನ ಹೆಂಡತಿ ಶಿವರತ್ನಮ್ಮನಿಗೆ ಕಲೆ ಎಂದರೆ ಒಂದೇ ಅರ್ಥ: ಬಟ್ಟೆಯ ಮೇಲೆ ಬಿದ್ದು, ಒಗೆದರೂ ಹೋಗದ್ದು. ಇಂಥವಳ ಜೊತೆ ಹನ್ನೆರಡು ವರ್ಷ ಸಂಸಾರ ಮಾಡಿಯೂ ನಾನು ಕಲಾವಿದನಾಗಲು ಹೊರಟೆನೆಂದರೆ ನನ್ನ ಎದೆಗಾರಿಕೆಯನ್ನು ನೀವೇ ಊಹಿಸಿಕೊಳ್ಳಿ.

ಅದು ಅರವತ್ತೆಂಟನೇ ಇಸವಿ. ಯುಗಾದಿ ಕಳೆದು ಎರಡು ವಾರವಾಗಿತ್ತು. ನಾನು ಮೇಷ್ಟ್ರಾಗಿದ್ದ ಶಾಗ್ಯದ ಶಾಲೆಗೆ ಬೇಸಿಗೆ ರಜ. ಮೈಸೂರಿನ ಒಂದು ವಾರಪತ್ರಿಕೆ 'ಹಳ್ಳಿಯ ವಸಂತ' ಎಂಬ ಛಾಯಾಚಿತ್ರ ಸ್ಪರ್ಧೆ ಇಟ್ಟಿತ್ತು. ಷರತ್ತು ಒಂದೇ, ಚಿತ್ರದಲ್ಲಿ ದಿನನಿತ್ಯದ ಬದುಕು ಕಾಣಬೇಕು. ನಮ್ಮೂರಿನಲ್ಲಿ ಅದಕ್ಕೇನು ಬರವೇ? ಹೊಂಗೆ ಚಿಗುರಿತ್ತು, ಬೇವು ಹೂ ಬಿಟ್ಟಿತ್ತು. ಹವಾಮಾನವಂತೂ ಹೊಸ ಸೊಸೆಯ ಮುಖದ ಹಾಗೆ: ಬೆಳಗ್ಗೆ ಬಿಸಿಲು, ಮಧ್ಯಾಹ್ನ ಮೋಡ, ಆಮೇಲೆ ಏನು ಎಂಬುದು ದೇವರಿಗೂ ಗೊತ್ತಿಲ್ಲ.

ಕೊಳ್ಳೇಗಾಲದ ರೇಷ್ಮೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಭಾವಮೈದ ಪುಟ್ಟಬಸಪ್ಪನಿಂದ ಒಂದು ಡಬ್ಬಾ ಕ್ಯಾಮರಾ ತಂದೆ. ಅದನ್ನು ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನ ಪುಟ್ಟ ಗಾಜಿನೊಳಗೆ ಬಗ್ಗಿ ನೋಡಿ, ಪಕ್ಕದ ಗುಂಡಿ ಒತ್ತಬೇಕು. ಒಂದು ರೀಲಿಗೆ ಎಂಟೇ ಪಟ. ಪ್ರತಿ ಸಲವೂ ಡಬ್ಬಿಯ ಪಕ್ಕದ ಕಿವಿಯಂಥ ತಿರುಪನ್ನು ತಿರುಗಿಸಿ ರೀಲು ಸರಿಸಬೇಕು, ಮರೆತರೆ ಪಟದ ಮೇಲೆ ಪಟ ಕೂರುತ್ತದೆ. (ಈ ಎಚ್ಚರಿಕೆಯನ್ನು ಪುಟ್ಟಬಸಪ್ಪ ಮೂರು ಸಲ ಹೇಳಿದ್ದ. ಮೇಷ್ಟ್ರುಗಳಿಗೆ ಹೇಳಿ ಅಭ್ಯಾಸವೇ ಹೊರತು ಕೇಳಿ ಅಭ್ಯಾಸವಿಲ್ಲ.)

ಅವತ್ತೇ ಶಿವರತ್ನಮ್ಮ ಮನೆಯ ಮುಂದೆ ಈಚಲು ಚಾಪೆ ಹಾಸಿ, ಹಳೇ ಸೀರೆ ಹರಡಿ, ಅಕ್ಕಿ ಸಂಡಿಗೆ ಒಣಹಾಕಿದ್ದಳು. ಅದರಲ್ಲಿ ಅರ್ಧ, ಕುಂತೂರಿನಲ್ಲಿದ್ದ ಅವಳ ತಾಯಿಗೆ.

"ರೀ, ನಾನು ಮಿಲ್‌ಗೋಗಿ ಹಿಟ್ಟು ಮಾಡಿಸ್ಕಂಡ್ ಬತ್ತೀನಿ. ನೀವು ಪಟನಾರ ತಗೀರಿ, ಪಲ್ಲಕ್ಕಿನಾರ ಒರೀರಿ. ಒಂದನಿ ಮಳೆ ಬಿದ್ರೂ ಸಂಡಿಗೆ ಒಳಗಿರ್ಬೇಕು. ಎಲ್ಡು ದಿವ್ಸದ್ ಕ್ಯಾಮೆ ಕಣ್ರಿ."

"ಋತುರಾಜ ವಸಂತನನ್ನೇ ಡಬ್ಬಿಯಲ್ಲಿ ಹಿಡಿಯೋನಿಗೆ ಸಂಡಿಗೆ ಯಾವ ಲೆಕ್ಕ ಕಣೇ?" ಎಂದು ಹೊರಟೆ.

ಬಾವಿಯ ಹತ್ತಿರ ಊರ ಯಜಮಾನರಾದ ಕೆಂಪನಂಜಪ್ಪನವರು ಬರಿಮೈಯಲ್ಲಿ ಎತ್ತು ತೊಳೆಯುತ್ತಿದ್ದರು. ನಾನು ಬಯಸಿದ ಬದುಕು ಅದೇ. ಹೊಟ್ಟೆಗೆ ಡಬ್ಬಿ ಒತ್ತಿದೆನೋ ಇಲ್ಲವೋ, ಕೂಗಿದರು.

"ನಿಲ್ಲಿ ಮೇಷ್ಟ್ರೇ! ಮೈ ಮ್ಯಾಲೆ ಬಟ್ಟೆ ಇಲ್ದಲೆ ಪಟ ಇಡೀತೀರಾ? ನಮ್ ಬೀಗ್ರು ನೋಡುದ್ರೆ ಏನಂದ್ಕಂಡಾರು?"

"ಯಜಮಾನ್ರೇ, ಎತ್ತು ತೊಳೆಯೋರು ಯಾರಾದ್ರೂ ಕೋಟು ಹಾಕ್ಕೋತಾರಾ?"

"ಎತ್ತು ತೊಳ್ಯೋರು ಆಕ್ಕಳಲ್ಲ. ಪಟ ಇಡಿಸ್ಕಳೋರು ಆಕ್ಕತಾರೆ."

ಅವರು ಮನೆಗೆ ಹೋದಾಗ ಎತ್ತಿನ ಮುಖದ್ದೊಂದು ಪಟ ತೆಗೆದೆ. ಎತ್ತು ನಾಚಲಿಲ್ಲ. ಅರ್ಧ ಗಂಟೆಗೆ ಯಜಮಾನರು ಕರಿ ಕೋಟು, ರುಮಾಲು, ಹಣೆ ತುಂಬ ವಿಭೂತಿಯೊಂದಿಗೆ ಬಂದು ಕಂಬದಂತೆ ನಿಂತರು. ಅವರ ಮಾತು ಮೀರಲಾರದೆ ಅದನ್ನೂ ತೆಗೆದೆ.

ಅಲ್ಲಿಂದ ದೊಡ್ಡಮಾದಮ್ಮನ ಮನೆ. ಆಕೆ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು. ನನ್ನನ್ನು ಕಂಡದ್ದೇ ಕೊಡತಿ ಬಿಸಾಡಿ ಒಳಗೆ ಓಡಿ, ಹಬ್ಬದ ಸೀರೆ ಉಟ್ಟು, ಮೂವರು ಸೊಸೆಯರನ್ನು ಸಾಲಾಗಿ ನಿಲ್ಲಿಸಿದಳು.

"ಹುಣಸೆ ಕುಟ್ಟುತ್ತ ಕೂತ್ಕೋ ದೊಡ್ಡಮಾದಮ್ಮ, ಅದೇ ಚೆನ್ನಾಗಿರುತ್ತೆ."

"ಕುಟ್ಟಾದ ದಿನಾ ನೋಡ್ತೀರಲ್ಲ ಸಾ. ನಾನು ಸುಮ್ಕೆ ನಿಂತಿರಾದ ಯಾವತ್ತಾರ ನೋಡಿದ್ದೀರಾ?"

ಡಬ್ಬಿಯನ್ನು ಹೊಟ್ಟೆಗೆ ಒತ್ತಿದೆ. ತೆಗೆದೆ.

ಮನುಷ್ಯರ ಸಹವಾಸವೇ ಬೇಡವೆಂದು ಮೋಡಗಳ ಬೆನ್ನು ಹತ್ತಿದೆ. ಆದರೆ ಆ ಗಾಜಿನಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ. ಮೋಡ ಅತ್ತ ಹೋದರೆ ನಾನು ಇತ್ತ ತಿರುಗಿ, ಮೊಣಕಾಲುದ್ದ ತಿಪ್ಪೆಯಲ್ಲಿ ಇಳಿದೆ. ಐದು ಪಟ ಹೀಗೆ ಆಕಾಶದ ಪಾಲಾದವು.

ಕೊನೆಗೆ ಒಂದೇ ಪಟ ಉಳಿಯಿತು. ಕಾಲು ತೊಳೆದು ನಮ್ಮ ಜಗಲಿಯಲ್ಲಿ ಕೂತು, ನೆನಪಿಟ್ಟು ಕಿವಿ ತಿರುಗಿಸಿ, ಬೆಟ್ಟದ ಮೇಲಿನ ಕರಿ ಮೋಡ ಸೀಳಿ ಬಿಸಿಲು ಇಣುಕುವ ಗಳಿಗೆಗಾಗಿ ಕಾದೆ. ಬಿಸಿಲೇನೋ ಇಣುಕಿತು. ಮಳೆಯನ್ನೂ ಜೊತೆಗೇ ಕರೆದುಕೊಂಡು ಬಂತು. ನಾನು ಗಾಜಿನೊಳಗೆ ಮುಳುಗಿದ್ದೆ.

"ರೀ! ಸಂಡಿಗೆ!"

ಹಿಟ್ಟಿನ ಕುಕ್ಕೆ ಹೊತ್ತು ಓಡಿಬಂದ ಶಿವರತ್ನಮ್ಮ ಜಗಲಿ ಹತ್ತುವಾಗ ಕ್ಯಾಮರಾವನ್ನು ಅವಳ ಕೈಗೆ ತುರುಕಿ, "ಇದು ನೆನೀಬಾರದು" ಎಂದು ಅಂಗಳಕ್ಕೆ ಹಾರಿದೆ. ಚಾಪೆಯನ್ನು ಇದ್ದಂತೆಯೇ ತಲೆಯ ಮೇಲೆ ಎತ್ತಿದೆ. ಗಾಳಿಗೆ ತಲೆಯ ಟವೆಲು ಹಾರಿತು. ಪಂಚೆಯ ಚುಂಗು ಕಾಲಿಗೆ ತೊಡರಿತು. ನೆನೆದ ಸಂಡಿಗೆಗಳು ತಲೆ, ಮೀಸೆಗಳನ್ನು ಬೆಳ್ಳಗೆ ಮಾಡಿ ಹಣೆ, ಮೂಗಿನ ಮಾರ್ಗವಾಗಿ ಇಳಿದವು. ಬಿದ್ದದ್ದನ್ನು ತಿನ್ನುತ್ತ ಪಕ್ಕದ ಮನೆಯ ಮೇಕೆ ಹಿಂದೆಯೇ ಬಂತು. ಜಗಲಿಯಿಂದ 'ಟಕ್' ಎಂಬ ಸದ್ದು ಕೇಳಿಸಿತು.

"ಏನು ಮಾಡಿದೆಯೇ?"

"ಗಾಜಿನೊಳ್ಗೆ ನೀವು ಕಂಡ್ರಿ. ನಗು ಬಂತು. ನಗ್ತಾ ನಗ್ತಾ ಬೆಳ್ಳು ಗುಂಡಿ ಮ್ಯಾಲೆ ಒತ್ಕತ್ತು."

"ಅದು ಕೊನೇ ಪಟ ಕಣೇ!"

ಅವಳು ಕ್ಯಾಮರಾ ಕೆಳಗಿಟ್ಟಳು. ಚಾಪೆಯಲ್ಲಿ ಉಳಿದ ಗಂಜಿಯನ್ನು ನೋಡಿದಳು. "ಅವ್ವುಂಗೆ ಏನ ಕಳ್ಸಾನ?" ಎಂದಳು, ಮೆಲ್ಲಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರುದಿನ ಬೆಳಗಾಗುವ ಮುಂಚೆಯೇ ಎದ್ದು ಅಕ್ಕಿ ರುಬ್ಬಿಕೊಟ್ಟೆ, ಹಿಟ್ಟು ಬೇಯಿಸುವಾಗ ತೊಳಸಿಕೊಟ್ಟೆ. ಒಣಗುವವರೆಗೂ ಕೋಲು ಹಿಡಿದು ಕಾಗೆ ಓಡಿಸಿದೆ. ಆಕಾಶವನ್ನು ನೋಡಿದೆ, ಆದರೆ ಬೇರೆ ಕಣ್ಣಿನಿಂದ.

ಹತ್ತು ದಿನಕ್ಕೆ ಪುಟ್ಟಬಸಪ್ಪ ಪಟ ತೊಳೆಸಿ ತಂದ. ಮೋಡಗಳೆಲ್ಲ ಬರೀ ಬಿಳಿ ಕಾಗದ. ದೊಡ್ಡಮಾದಮ್ಮನ ಮನೆಯವರಿಗೆ ಯಾರಿಗೂ ತಲೆಯಿರಲಿಲ್ಲ. ಕೆಂಪನಂಜಪ್ಪನವರಿಗೆ ತಲೆಯಿತ್ತು, ಅದರ ಮೇಲೆ ಅವರದೇ ಎತ್ತಿನ ಎರಡು ಕೊಂಬೂ ಇದ್ದವು. (ಅದನ್ನು ಅವರಿಗೆ ತೋರಿಸುವ ಧೈರ್ಯ ಇಂದಿಗೂ ಬಂದಿಲ್ಲ.)

"ಭಾವ, ಕೊನೇದು ಮಾತ್ರ ವಜ್ರ ಕಣ್ರಿ. ಪತ್ರಿಕೇಗೆ ಕಳ್ಸ್‌ಬುಟ್ಟೆ," ಎಂದ ಪುಟ್ಟಬಸಪ್ಪ. "ಅಕ್ಕ ತಗ್ದ ಪಟ, ಅಕ್ಕನ್ ಎಸ್ರಲ್ಲೇ."

ತಿಂಗಳೊಪ್ಪತ್ತಿಗೆ ಮೈಸೂರಿನಿಂದ ಕಾಗದ ಬಂತು. ಶಿವರತ್ನಮ್ಮ ಮುದ್ದೆ ಕಟ್ಟುತ್ತಿದ್ದಳು, ಕೈ ಬಿಡುವಿರಲಿಲ್ಲ. ನಾನೇ ಓದಿದೆ. ಶ್ರೀಮತಿ ಶಿವರತ್ನಮ್ಮನವರ ಚಿತ್ರಕ್ಕೆ ಪ್ರಥಮ ಬಹುಮಾನ. ಮಳೆ, ಬಿಸಿಲು, ಬದುಕು ಮೂರೂ ಒಂದೆಡೆ ಸಿಕ್ಕಿರುವುದು ಅಪೂರ್ವ. ಒಂದು ವರ್ಷ ಪತ್ರಿಕೆಯನ್ನು ಉಚಿತವಾಗಿ ಕಳುಹಿಸಲಾಗುವುದು. ಅಷ್ಟಕ್ಕೆ ಕಾಗದ ಮಡಿಸಿದೆ.

"ಕೆಳ್ಗೆ ಇನ್ನೊಂದ್ ಸಾಲು ಅದೆ. ಅದ್ಯಾಕ್ ನುಂಗುದ್ರಿ?"

ನನಗೆ ಆಗ ಮೂವತ್ತೆಂಟು ವರ್ಷ. ಇದನ್ನು ನೀವು ನೆನಪಿಟ್ಟುಕೊಂಡರೆ ಸಾಕು. ಕಾಗದ ಮತ್ತೆ ಬಿಡಿಸಿ ಓದಿದೆ:

"'ಈ ಇಳಿವಯಸ್ಸಿನಲ್ಲೂ ಮಳೆಯನ್ನು ಲೆಕ್ಕಿಸದೆ ಮಗಳ ಮನೆಗೆಲಸಕ್ಕೆ ನೆರವಾಗುತ್ತಿರುವ ನಿಮ್ಮ ಪೂಜ್ಯ ತಂದೆಯವರಿಗೆ ನಮ್ಮ ನಮಸ್ಕಾರಗಳನ್ನು ತಿಳಿಸಿ.'"

ಶಿವರತ್ನಮ್ಮ ನಿಧಾನವಾಗಿ ಎದ್ದು, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ನನ್ನ ಮುಂದೆ ಬಂದು ಎರಡೂ ಕೈ ಜೋಡಿಸಿದಳು.

"ಅಷ್ಟು ದೂರ್ದಿಂದ ನಮಸ್ಕಾರ ಕಳ್ಸವ್ರೆ," ಎಂದಳು. "ಈಸ್ಕಳಿ."